ಆಲ್ಬರ್ಟ್ ಡಾಕಿನಲ್ಲಿ ಅಜ್ಜನಿಗೊಂದು ಎಲೆ

ಲಂಡನ್ನಿನ ಅಂಚಿನ ಕ್ವೀನ್ಸ್‌ಬರಿಯಿಂದ ನಾವು ಹೊರಟಾಗ ಒಂಬತ್ತೂವರೆ ದಾಟಿತ್ತು. ಅದಕ್ಕೆ ಮೊದಲು ಹೊರಟರೆ ದಿನದ ಟಿಕೆಟ್ ದುಬಾರಿ. ಅಕ್ಟೋಬರಿನ ಮಂಜು ಇನ್ನೂ ಹಳಿಯ ಮೇಲೆಯೇ ಕುಳಿತಿತ್ತು. ಅಮ್ಮ ಸೀರೆಯ ಮೇಲೆ ನನ್ನ ಗಂಡನ ಕೋಟು ತೊಟ್ಟು, ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಳು.

ಅವಳು ಕುಂದಾಪುರದಿಂದ ನನ್ನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ರಾಣಿಯ ಅರಮನೆ, ದೊಡ್ಡ ಗಡಿಯಾರ ಯಾವುದಕ್ಕೂ ಮನಸ್ಸು ಕೊಟ್ಟಿರಲಿಲ್ಲ. ಅವಳಿಗೆ ನೋಡಬೇಕಾಗಿದ್ದದ್ದು ಆಲ್ಬರ್ಟ್ ಡಾಕ್ ಎಂಬ ಹಳೆಯ ಹಡಗುಕಟ್ಟೆ ಒಂದೇ. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಅಡುಗೆಯವನಾಗಿದ್ದ. ಅಮ್ಮ ತೊಟ್ಟಿಲಲ್ಲಿದ್ದಾಗ ಲಂಡನ್ ಬಂದರಿನಲ್ಲಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಆ ಡಾಕಿನ ಹೆಸರನ್ನು ಊರಿಗೆ ತಂದವನು ಅದೇ ಹಡಗಿನ ಇನ್ನೊಬ್ಬ ಆಳು. ಚಳಿಜ್ವರದಲ್ಲಿ ಹೋದ ಅಂದರು ಕೆಲವರು. ಬಿಳಿ ಹೆಂಗಸಿನ ಮನೆ ಸೇರಿಕೊಂಡ ಅಂದರು ಉಳಿದವರು. ಎರಡನೆಯದನ್ನು ಹೇಳುವಾಗ ಜನರಿಗೆ ಎಲ್ಲಿಲ್ಲದ ಉತ್ಸಾಹ.

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಬಾಳೆಯೆಲೆಯಲ್ಲಿ ಬಡಿಸುತ್ತಾರೆ. ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಊಟಕ್ಕೆ ಕರೆದು, ಬಾಗಿಲೆಳೆದು ಹೊರಗೆ ಕೂರುತ್ತಾರೆ. ಬದುಕಿರುವವರಿಗೆ ಎಲೆ ಹಾಕಿದರೆ ಅವರಿಗೆ ಸಾವನ್ನು ಬಯಸಿದ ಹಾಗೆ. ಅದಕ್ಕೇ ಅಮ್ಮಮ್ಮ, ನನ್ನ ಅಮ್ಮನ ತಾಯಿ, ಕೊನೆಯವರೆಗೂ ಗಂಡನಿಗೆ ಎಲೆ ಹಾಕಿಸಲಿಲ್ಲ. ಕುಂಕುಮ, ಬಳೆಗಳೊಂದಿಗೇ ಹೋದಳು. ಅಜ್ಜ ಈಗ ಇದ್ದರೆ ನೂರರ ಹತ್ತಿರ ಹತ್ತಿರ. ಇನ್ನಾದರೂ ಬಡಿಸಬಾರದೇ ಎಂದು ನೆಂಟರೆಲ್ಲ ಹೇಳಿ ಸೋತಿದ್ದರು. ಸತ್ತನೋ, ಬಿಟ್ಟುಬಿಟ್ಟನೋ ತಿಳಿಯದೆ ಅಮ್ಮನಿಗೆ ಬಡಿಸಲು ಕೈ ಬರುತ್ತಿರಲಿಲ್ಲ. ನಾವು ಹೊರಟ ದಿನ ಅದೇ ಅಮಾವಾಸ್ಯೆ. ಬೆಳಿಗ್ಗೆಯೇ ಎದ್ದು ಕುಚ್ಚಲಕ್ಕಿ ಅನ್ನ ಮಾಡಿ, ವೆಂಬ್ಲಿಯ ಅಂಗಡಿಯಿಂದ ತರಿಸಿದ್ದ ಬಂಗುಡೆ ಹುರಿದು ಡಬ್ಬಿಗೆ ತುಂಬಿ, ಬಾಳೆಯೆಲೆಯನ್ನೂ ಚೀಲಕ್ಕೆ ಹಾಕಿದ್ದಳು. ಬಡಿಸುತ್ತೀಯಾ ಎಂದು ಕೇಳಿದ್ದಕ್ಕೆ "ಕಾಂಬ", ನೋಡೋಣ, ಎಂದಷ್ಟೇ ಹೇಳಿದ್ದಳು.

ಫಿಂಚ್ಲಿ ರೋಡ್ ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯಿತು. ವೆಸ್ಟ್‌ಮಿನ್‌ಸ್ಟರ್‌ನಿಂದ ಮುಂದೆ ಅದು ಥೇಮ್ಸ್ ನದಿಯ ಅಡಿಯಲ್ಲಿ ಮತ್ತೆ ಮತ್ತೆ ಹಾದುಹೋಗುತ್ತದೆ. ಇದನ್ನು ನಾನು ಅಮ್ಮನಿಗೆ ಹೇಳಬಾರದಿತ್ತು.

"ಈಗ ನಮ್ಮ್ ತಲಿ ಮೇಲ್ ನೀರಾ?"

"ಹೌದಮ್ಮ."

"ಹಡ್ಗೂ ಇತ್ತಾ?"

"ಇಪ್ಪುಕೂ ಸಾಕ್," ಇರಲೂಬಹುದು ಎಂದೆ.

ಆಮೇಲೆ ಅವಳು ತಲೆಯ ಮೇಲಿನ ಬೋಗಿಯ ಮಾಡನ್ನೇ ನೋಡುತ್ತ ಕುಳಿತಳು. ನನಗೆ ಜೊಂಪು ಹತ್ತಿತು. ಮುಖ ಕಾಣದ ಒಬ್ಬಾತ ಒಲೆಯ ಮುಂದೆ ಕುಳಿತು ನಮ್ಮ ಮೇಲಿಂದ ತೇಲಿಹೋದ ಹಾಗಾಯಿತು. ಕಣ್ಣು ಬಿಟ್ಟಾಗ ರೈಲು ಹೊರಗೆ ಬಂದಿತ್ತು, ಕ್ಯಾನಿಂಗ್ ಟೌನಿನಲ್ಲಿ ಮಂಜು ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿಂದ ಡ್ರೈವರ್ ಇಲ್ಲದ ಪುಟ್ಟ ರೈಲು. ಎಲ್ಲರಿಗಿಂತ ಮುಂದಿನ ಸೀಟು ಸಿಕ್ಕಿದ ಅಮ್ಮ, ತಾನೇ ರೈಲು ಬಿಡುತ್ತಿರುವ ಗತ್ತಿನಲ್ಲಿ ಕುಳಿತಳು.

ಕಸ್ಟಮ್ ಹೌಸಿನಲ್ಲಿ ಚಹಾಕ್ಕೆಂದು ಇಳಿದೆವು. ಅಂಗಡಿಯಾಕೆ ಸಿಲ್ಹಟ್ ಕಡೆಯ ಬಂಗಾಳಿ, ಐವತ್ತರ ಆಸುಪಾಸು. ಸೀರೆ ಕಂಡದ್ದೇ ಹಿಂದಿಯಲ್ಲಿ ಮಾತಿಗೆ ಇಳಿದಳು. ಹರೆಯದಲ್ಲಿ ಮುಂಬಯಿಯಲ್ಲಿದ್ದ ಅಮ್ಮನಿಗೂ ಹಿಂದಿ ಬರುತ್ತದೆ. ಬಂದ ಕಾರಣ ಹೇಳಿದಳು.

"ನಮ್ಮಜ್ಜನೂ ಹಡಗಿನಿಂದ ಇಳಿದವನೇ," ಎಂದಳು ಆಕೆ. "ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ. ಊರಲ್ಲಿ ನಮ್ಮಜ್ಜಿ, ಇಲ್ಲೊಬ್ಬಳು ಬಿಳಿ ಹೆಂಡತಿ."

ನಾನು ಅಮ್ಮನ ಮುಖ ನೋಡಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಆಕೆ ಹೇಗಿದ್ದಳು?" ಎಂದು ಕೇಳಿದಳು.

"ನಾನು ಚಿಕ್ಕವಳಿದ್ದಾಗ ನನ್ನ ತಲೆ ಬಾಚುತ್ತಿದ್ದಳು. ಅಜ್ಜ ಹಾಸಿಗೆ ಹಿಡಿದಾಗ ಬಾಯಿಗೆ ನೀರು ಬಿಟ್ಟವಳೂ ಅವಳೇ. ಆಗ ನಾವೆಲ್ಲ ಊರಿಗೆ ಹೋಗಿದ್ದೆವು, ಯಾರಿದ್ದೆವು ಅಲ್ಲಿ?"

ಅಮ್ಮ ಚಹಾ ಮುಗಿಸಿ ಚೀಲ ಎತ್ತಿಕೊಂಡಳು. ಅಂಗಡಿಯಾಕೆ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಮತ್ತೆರಡು ನಿಲ್ದಾಣ ಕಳೆದರೆ ರಾಯಲ್ ಆಲ್ಬರ್ಟ್. ಹಡಗಿಲ್ಲ, ಕ್ರೇನಿಲ್ಲ, ಕೂಲಿಯಾಳುಗಳಿಲ್ಲ. ಉದ್ದಕ್ಕೆ ಚಾಚಿದ ಬೂದುಬಣ್ಣದ ನೀರು, ಆಚೆ ದಡದಲ್ಲಿ ವಿಮಾನ ನಿಲ್ದಾಣ. ಮಂಜಿನೊಳಗಿಂದ ವಿಮಾನವೊಂದು ಸದ್ದಿಗೆ ಮೊದಲೇ ಮೂಡಿ ಇಳಿಯಿತು. ಇಲ್ಲಿ ಯಾರನ್ನು ಕೇಳುವುದು? ಕೇಳಿದರೂ ಹೇಳುವವರು ಯಾರು? ಅಮ್ಮನನ್ನು ಇಷ್ಟು ದೂರ ತಂದು ಬರಿಗೈಯಲ್ಲಿ ನಿಲ್ಲಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಅಮ್ಮ ಮಾತ್ರ ಬಹಳ ಹೊತ್ತು ನೀರು ನೋಡುತ್ತ ನಿಂತಳು.

"ಎಂತ ಚಳಿ ಮಾರಾಯ್ತಿ," ಎಂದಳು ಕೊನೆಗೆ. "ಈ ಚಳಿಯಂಗೆ ಅವ್ರಿಗ್ ಯಾರಾರೂ ಬಾಗ್ಲ್ ತೆಗ್ದಿರ್‌ಕ್." ತೆಗೆದಿರಲೇಬೇಕು ಎಂಬಂತೆ ತಲೆಯಾಡಿಸಿದಳು.

ಚೀಲದಿಂದ ಎಲೆ ತೆಗೆದು ದಡದ ಕಲ್ಲಿನ ಮೇಲೆ ಹಾಸಿದಳು. ಕೌನ್ಸಿಲಿನವರು ಯಾರಾದರೂ ಬಂದು ದಂಡ ಹಾಕುತ್ತಾರೋ ಎಂದು ನಾನು ಅತ್ತಿತ್ತ ನೋಡುತ್ತಿದ್ದೆ. ಅವಳು ಅನ್ನ ಬಡಿಸಿದಳು, ಬಂಗುಡೆ ಇಟ್ಟಳು. ನಾನು ಕೈಮುಗಿಯಬೇಕು ಎನ್ನುವಷ್ಟರಲ್ಲಿ ಎಲೆಯ ತುದಿಯನ್ನು ಹರಿದು ಪಕ್ಕದಲ್ಲಿ ಹಾಸಿ, ಅದಕ್ಕೂ ಅಷ್ಟೇ ಅನ್ನ, ಒಂದು ಬಂಗುಡೆ ಬಡಿಸಿದಳು.

"ಅದ್ ಯಾರಿಗಮ್ಮ?"

ಅವಳು ಡಬ್ಬಿ ಮುಚ್ಚಿ ಎದ್ದು ನಿಂತಳು. ಈಗ ಕರೆಯಬೇಕು. ಅಪ್ಪನನ್ನು ಕಂಡೇ ಇರದ ಅವಳು ಈ ಎಪ್ಪತ್ತು ವರ್ಷಗಳಲ್ಲಿ ಯಾರನ್ನೂ ಅಪ್ಪ ಎಂದು ಕರೆದವಳಲ್ಲ. ಕೋಟು ಸರಿಮಾಡಿಕೊಂಡು ನೀರಿನ ಕಡೆ ಮುಖ ಮಾಡಿದಳು.

"ಅಪ್ಪಯ್ಯಾ, ಉಂಬುಕೆ ಬನ್ನಿ."

ಆಮೇಲೆ ಪಕ್ಕದ ಎಲೆಯ ಕಡೆ ತಿರುಗಿದಳು. ಹೆಸರು ಗೊತ್ತಿಲ್ಲದ, ಇದ್ದಳೋ ಇಲ್ಲವೋ ಅದೂ ಗೊತ್ತಿಲ್ಲದ ಆ ಇನ್ನೊಬ್ಬಳನ್ನು ಏನೆಂದು ಕರೆಯುವುದು ಎಂದು ಯೋಚಿಸುತ್ತಿದ್ದಳೆಂದು ನನಗೆ ಆಗ ಹೊಳೆಯಿತು.

"ಚಿಕ್ಕಮ್ಮ," ಎಂದಳು ಅಮ್ಮ, "ನೀವೂ ಬನ್ನಿ."

ಎಳೆದುಕೊಳ್ಳಲು ಅಲ್ಲಿ ಬಾಗಿಲಿರಲಿಲ್ಲ. ಇಬ್ಬರೂ ನೀರಿಗೆ ಬೆನ್ನು ಹಾಕಿ ನಿಂತೆವು. ಹಿಂದೆ ಹಕ್ಕಿಗಳು ಇಳಿದ ಸದ್ದಾಯಿತು, ನಾನು ತಿರುಗಲು ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಕಾಣ್ಬ್ಯಾಡ ಮಗಳೆ," ಎಂದಳು. "ಅವ್ರ್ ಉಣ್ಲಿ."