ಟ್ಯಾಂಕರ್ ನಿಲ್ಲುತ್ತಿದ್ದ ಜಾಗ

2006 ಇರಬೇಕು, ಬೇಸಿಗೆ. ಸಂಡೂರು ತಾಲ್ಲೂಕಿನ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ಊರಿನ ಹೆಸರು ಬೇಡ. ಅಲ್ಲಿನವರು ಇನ್ನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ಯಶವಂತನಗರದ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ಒಗೆದು ಹಾಕಿದ ನನ್ನ ಬಿಳಿ ಸೀರೆ ಒಣಗುವಷ್ಟರಲ್ಲಿ ಕೆಂಪಗಾಗುತ್ತಿತ್ತು.

ಊರಲ್ಲಿ ಎರಡು ಓಣಿ. ಮೇಲಿನ ಓಣಿಯ ಕೆಲವರು ಲಾರಿ ಕೊಂಡಿದ್ದರು, ಕೆಲವರಿಗೆ ಗಣಿಯಲ್ಲಿ ಕೆಲಸ ಸಿಕ್ಕಿತ್ತು. ಕೆಳಗಿನ ಓಣಿಯವರಿಗೆ ಹೊಲಗಳಿದ್ದವು. ಅಲ್ಲಿನ ಹುಡುಗರು ಕೆಲಸ ಕೇಳಿಕೊಂಡು ಹೋದರೆ ಗೇಟಿನಿಂದಲೇ ವಾಪಸ್. ಎರಡೂ ಓಣಿಯವರು ಸೇದುತ್ತಿದ್ದ ಬಾವಿ ಒಂದೇ. ಗುಡ್ಡ ಅಗೆಯಲು ಶುರುವಾದ ಮೇಲೆ ಅದೂ ಬತ್ತಿತು. ಆಗ ಗಣಿಯವರು ದಿನಕ್ಕೊಂದು ಟ್ಯಾಂಕರ್ ನೀರು ಕಳಿಸತೊಡಗಿದರು. ಟ್ಯಾಂಕರ್ ಮೇಲಿನ ಓಣಿಯಲ್ಲಿ ನಿಲ್ಲುತ್ತಿತ್ತು. ಕೆಳಗಿನವರು ಕೊಡ ಹಿಡಿದು ಹತ್ತಿ ಬರುವಷ್ಟರಲ್ಲಿ ತಳದ ನೀರಷ್ಟೇ ಉಳಿದಿರುತ್ತಿತ್ತು.

ಒಂದು ದಿನ ಬೆಳಿಗ್ಗೆ ಕೆಳಗಿನ ಓಣಿಯ ಹೆಂಗಸರು ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಕುಳಿತರು. ಟ್ಯಾಂಕರ್ ನಿಂತಿತು, ಹಿಂದೆ ಲಾರಿಗಳೂ ನಿಂತವು. ಮೇಲಿನ ಓಣಿಯ ಗಂಡಸರು ಇಳಿದು ಬಂದರು. ಮೊದಲು ಮಾತು, ಆಮೇಲೆ ಬೈಗುಳ, ಆಮೇಲೆ ಕಲ್ಲು. ನಾನು ಮಾಡಿದ ಮೊದಲ ಕೆಲಸ ಕಿಟಕಿ ಹಾಕಿಕೊಂಡದ್ದು.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದರು. ಕೆಳಗಿನ ಓಣಿಯ ಹನುಮಕ್ಕನನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಬಂದಿದ್ದರು. ವಯಸ್ಸು ಐವತ್ತರ ಮೇಲೆ. ಹಣೆ ಸೀಳಿ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಅವಳನ್ನು ಬೆಂಚಿನ ಮೇಲೆ ಕೂರಿಸುವಷ್ಟರಲ್ಲಿ ಟ್ಯಾಂಕರ್ ಡ್ರೈವರ್ ಬಸವರಾಜ ಬಂದ. ಅವನು ಮೇಲಿನ ಓಣಿಯವನು. ಕಲ್ಲೇಟಿಗೆ ಮೊಣಕೈ ಊದಿಕೊಂಡಿತ್ತು. ಇದ್ದದ್ದು ಒಂದೇ ಬೆಂಚು. ಇಬ್ಬರೂ ಅದರ ಎರಡು ತುದಿಗೆ ಕುಳಿತರು.

ಡಾಕ್ಟರು ಇರಲಿಲ್ಲ. ಹೊಲಿಗೆ ಹಾಕುವುದು ನನ್ನ ಕೆಲಸವಲ್ಲ. ಗಾಯ ತೊಳೆದು, ಬಟ್ಟೆ ಒತ್ತಿ ಹಿಡಿದೆ. ಸುಮ್ಮನಿರಲಾರದೆ ಹೇಳಿದೆ: "ನೀರಿಗೋಸ್ಕರ ಹಿಂಗ ತಲಿ ಒಡಕೊಳ್ಳಾದೇನ್ರಿ? ಕುಂತು ಮಾತಾಡಬಾರದಾ?"

ಹನುಮಕ್ಕ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. "ಸಿಸ್ಟರಮ್ಮ, ಈಗ ನನ್ನ ಹಣಿ ತೊಳದ್ರಲ್ಲ, ಈ ನೀರು ಎಲ್ಲೀದ್ರಿ?"

ಹಿತ್ತಲಿನ ಡ್ರಮ್ಮಿನದು. ಉಪಕೇಂದ್ರ, ಅದಕ್ಕೆ ಅಂಟಿದ ನನ್ನ ಕ್ವಾರ್ಟರ್ಸ್ ಎರಡೂ ಮೇಲಿನ ಓಣಿಯ ತುದಿಗಿದ್ದವು. ದಿನಾ ಬಸವರಾಜ ಪೈಪು ಎಳೆದು ಮೊದಲು ನನ್ನ ಡ್ರಮ್ಮು ತುಂಬಿಸಿಯೇ ಮುಂದೆ ಹೋಗುತ್ತಿದ್ದ. ಸರ್ಕಾರಿ ಸಿಸ್ಟರ್ ಎಂಬ ಮರ್ಯಾದೆ ಅಂದುಕೊಂಡಿದ್ದೆ. ಆ ನೀರು ಯಾರ ಪಾಲಿನದು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಬಸವರಾಜನೇ ಮಾತಾಡಿದ. "ನಂದೇನೈತಿ ಚಿಗವ್ವ? ಎಲ್ಲಿ ನಿಲ್ಲಸು ಅಂತಾರ, ಅಲ್ಲಿ ನಿಲ್ಲಸ್ತೀನಿ."

"ನಿಂದ ತಪ್ಪು ಅಂತ ಯಾರು ಅಂದಾರಲೇ? ಕಲ್ಲು ಯಾರ ಮ್ಯಾಲ ಒಗೀಬೇಕು ಅಂತ ನಮಗೂ ತಿಳೀವಲ್ದು. ಗಣಿಯೋರು ಕೈಗೆ ಸಿಗಂಗಿಲ್ಲ, ನೀನು ಸಿಗ್ತಿ."

ಅಷ್ಟು ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ಮಧ್ಯಾಹ್ನ ಇಬ್ಬರನ್ನೂ ಒಂದೇ ಜೀಪಿನಲ್ಲಿ ಸಂಡೂರಿಗೆ ಕಳಿಸಿದೆವು.

ನಾಲ್ಕನೇ ದಿನ ಶಾಲೆಯಲ್ಲಿ ಶಾಂತಿ ಸಭೆ ಸೇರಿತು. ಒಬ್ಬ ಅಧಿಕಾರಿ ಬಂದಿದ್ದರು. ಹೇಳಿಕೆಯನ್ನು ಮೊದಲೇ ಬರೆಸಿ ತಂದಿದ್ದರು. 'ಎರಡು ಓಣಿಗಳ ನಡುವಿನ ಹಳೆಯ ವೈಷಮ್ಯದಿಂದ ಗಲಾಟೆ ನಡೆದಿದೆ' ಎಂದಿತ್ತು. ನಾನು ಊರವಳಲ್ಲ, ಸರ್ಕಾರಿ ನೌಕರಿಯವಳು, ಅದಕ್ಕೆ ಸಾಕ್ಷಿಗೆ ನನ್ನ ಸಹಿ ಬೇಕಂತೆ.

ಪೆನ್ನು ಕೈಗೆ ಕೊಟ್ಟರು. ಹನುಮಕ್ಕ ತಲೆಗೆ ಪಟ್ಟಿ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ನನ್ನ ಕೈಯಲ್ಲಿನ ಪೆನ್ನನ್ನೇ ನೋಡುತ್ತಿದ್ದಳು.

ನಾನು ಹೇಳಿದೆ: "ಸರ್, ಹಳೇ ವೈಷಮ್ಯ ಇದ್ದದ್ದು ನಾನು ಕಂಡಿಲ್ಲ. ಹೋದ ವರ್ಷ ಈ ಓಣಿ ಮದುವಿಗೆ ಆ ಓಣಿಯೋರು ಬಂದು ಅಡಿಗಿ ಮಾಡಿದ್ರು. ಟ್ಯಾಂಕರ್ ಬಂದ ಮ್ಯಾಲ ಜಗಳ ಶುರುವಾಗಿದ್ದು. ಅದು ಮ್ಯಾಲಿನ ಓಣ್ಯಾಗ ಅಷ್ಟ ನಿಲ್ತದ. ಮೊದಲ ನೀರು ನನ್ನ ಡ್ರಮ್ಮಿಗೆ ಬೀಳ್ತದ."

"ನಿಮ್ಮನ್ನ ಅದನ್ನ ಯಾರೂ ಕೇಳಿಲ್ಲಮ್ಮ," ಅಂದರು ಅಧಿಕಾರಿ.

ಕೈಗೆ ಬಟ್ಟೆ ಕಟ್ಟಿಕೊಂಡಿದ್ದ ಬಸವರಾಜ ಹಿಂದಿನಿಂದ ಎದ್ದು ನಿಂತ. ಅವನ ಪಕ್ಕದಲ್ಲಿದ್ದವರು ಅಂಗಿ ಹಿಡಿದು ಜಗ್ಗಿದರು. "ಸಿಸ್ಟರ್ ಹೇಳಿದ್ದು ಖರೇ ಐತ್ರಿ. ನಾನೇ ತುಂಬಸ್ತಿದ್ದೆ," ಅಂದ. ಕೂಡಲೇ ಕುಳಿತುಬಿಟ್ಟ.

ಸಭೆ ಬೇಗ ಮುಗಿಯಿತು. ನಾನು ಸಹಿ ಹಾಕಲಿಲ್ಲ. ಬೇರೆ ಯಾರೋ ಹಾಕಿದರು. ಕಾಗದದಲ್ಲಿ 'ಹಳೆಯ ವೈಷಮ್ಯ' ಹಾಗೆಯೇ ಉಳಿಯಿತು. ಆದರೆ ಮರುವಾರದಿಂದ ಟ್ಯಾಂಕರ್ ಒಂದು ದಿನ ಮೇಲೆ, ಒಂದು ದಿನ ಕೆಳಗೆ ನಿಲ್ಲತೊಡಗಿತು. ಅದನ್ನು ಓಡಿಸುತ್ತಿದ್ದವನು ಹೊಸ ಡ್ರೈವರ್. ಬಸವರಾಜ ಕುರೆಕುಪ್ಪದ ಕಡೆ ಕೂಲಿಗೆ ಹೋಗುತ್ತಾನೆ ಎಂದು ಕೇಳಿದೆ. ಅವನ ಮನೆಗೆ ಒಮ್ಮೆ ಹೋಗಿಬರಬೇಕು ಅಂದುಕೊಂಡೆ, ಹೋಗಲಿಲ್ಲ. ಮಳೆಗಾಲ ಮುಗಿಯುವ ಮೊದಲು ನನಗೆ ಕಂಪ್ಲಿಯ ಕಡೆ ವರ್ಗವಾಯಿತು.

ಈ ಸಂಗತಿ ಕೇಳಿದವರು ನನಗೆ ಧೈರ್ಯ ಜಾಸ್ತಿ ಅನ್ನುತ್ತಾರೆ. ಅದು ನಿಜವಲ್ಲ. ಆ ದಿನ ಹನುಮಕ್ಕ ಆ ಒಂದು ಮಾತು ಕೇಳದೇ ಹೋಗಿದ್ದರೆ ಆ ಕಾಗದಕ್ಕೆ ನಾನೂ ಸಹಿ ಹಾಕುತ್ತಿದ್ದೆ. ಹಾಕಿ, ಈ ಊರಿನವರೇ ಜಗಳಗಂಟರು ಎಂದು ನಂಬಿಕೊಂಡು ನೆಮ್ಮದಿಯಿಂದ ಇರುತ್ತಿದ್ದೆ.