ಫಲಿತಾಂಶಕ್ಕೆ ಮೊದಲೇ ಹಂಚಿದ ಪೇಢೆ

ಸೈಬರ್ ಕೆಫೆಯ ಆ ಪ್ರಿಂಟರ್ ಕರ್ರ್, ಕರ್ರ್ ಎಂದು ಹಲ್ಲು ಕಡಿಯುತ್ತಾ ಕಾಗದ ಹೊರಗೆ ತಳ್ಳುತ್ತಿದ್ದ ಸದ್ದು ನನಗೆ ಇವತ್ತಿಗೂ ಆಗಿಬರುವುದಿಲ್ಲ. ಎರಡು ಸಾವಿರದ ದಶಕದ ನಡುವಿನ ಮಾತು. ಕಾರವಾರದಲ್ಲಿ ಪಿಯುಸಿ ರಿಸಲ್ಟ್ ನೋಡಬೇಕೆಂದರೆ ಕೆಫೆಯ ಮುಂದೆ ಕ್ಯೂ ನಿಲ್ಲಬೇಕಿತ್ತು. ನಾನೂ ಅಣ್ಣನ ಮಗಳೂ ನಿಂತೇ ನಿಂತೆವು. ಸಂಜೆ ನಾಲ್ಕಕ್ಕೆ ಕಾಗದ ಕೈಗೆ ಬಂತು. ಎಲ್ಲದರಲ್ಲೂ ಎಂಬತ್ತರ ಮೇಲೆ, ಫಿಸಿಕ್ಸ್‌ನಲ್ಲಿ ಮಾತ್ರ ನಲವತ್ತೊಂದು.

ಫಿಸಿಕ್ಸ್ ಅಂದರೆ ಅವಳಿಗೆ ಪ್ರಾಣ. ಧಾರವಾಡದಲ್ಲಿ ಬಿ.ಎಸ್ಸಿ., ಆಮೇಲೆ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಎಂದು ಎಂಟನೇ ಕ್ಲಾಸಿನಿಂದ ಹೇಳುತ್ತಿದ್ದವಳು. ನಲವತ್ತೊಂದು ಹಿಡಿದುಕೊಂಡು ಅಲ್ಲಿಯ ಮೆರಿಟ್ ಲಿಸ್ಟಿನ ಹತ್ತಿರವೂ ಹೋಗುವ ಹಾಗಿರಲಿಲ್ಲ.

ಮನೆಗೆ ಬಂದರೆ ಅಣ್ಣನ ಹೆಂಡತಿ, ನಮ್ಮ ವಹಿನಿ, ಬೆಳಿಗ್ಗೆಯೇ ಹನ್ನೊಂದು ಮನೆಗೆ ಪೇಢೆ ಹಂಚಿ ಮುಗಿಸಿದ್ದಳು! ಹಬ್ಬುವಾಡದ ನಮ್ಮ ಓಣಿಯಲ್ಲಿ ಅದೊಂದು ಪಂದ್ಯ. ಯಾರ ಮನೆಯ ಪೇಢೆ ಮೊದಲು ಬರುತ್ತದೋ ಅವರ ಮಕ್ಕಳು ಜಾಣರು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಎದುರು ಮನೆಯವರು ಮೊದಲು ಕೊಟ್ಟರೆಂದು ಎರಡು ವರ್ಷ ಉರಿದುಕೊಂಡಿದ್ದವಳು ಈ ಸಲ ರಿಸಲ್ಟಿಗೂ ಕಾಯದೆ, "ಡಿಸ್ಟಿಂಕ್ಷನ್" ಎಂದು ಹೇಳಿಯೇ ಕೊಟ್ಟು ಬಂದಿದ್ದಳು.

ರಿವ್ಯಾಲ್ಯುವೇಶನ್‌ಗೆ ಹಾಕೋಣ ಎಂದು ಹುಡುಗಿ ಫಾರ್ಮ್ ತಂದಳು. ಅದು ಕಾಲೇಜ್ ಆಫೀಸಿನ ಮೂಲಕವೇ ಹೋಗಬೇಕು. ಆಫೀಸಿನ ಕ್ಲಾರ್ಕ್ ಆ ಎದುರು ಮನೆಯವನೇ.

"ಅವ್ನ ಬಾಯಿಗೆ ಪೇಢೆ ಹಾಕಿ ಬಂದಿದೇನೆ. ಈಗ ಅವ್ನ ಕೈಗೇ ಫಾರ್ಮ್ ಕೊಡೂದಾ? ಓಣಿಯೆಲ್ಲ ನಗ್ತದೆ," ಎಂದಳು ವಹಿನಿ.

"ನಗ್ಲಿ ಆಯಿ. ನನ್ನ ಸೀಟ್ ಹೋಗ್ತದೆ," ಎಂದು ಹುಡುಗಿ ತಾಯಿಗೆ ಹೇಳಿದಳು.

"ಸೀಟಂತೆ ಸೀಟು! ಸಮಾ ಬರ್ದಿದ್ರೆ ಎಂತಕ್ಕೆ ಹೋಗ್ತಿತ್ತು?"

"ತಪ್ಪು ನಿನ್ನ ಪೇಢೆದು ವಹಿನಿ. ಅವ್ಳಿಗೆ ಎಂತಕ್ಕೆ ಶಿಕ್ಷೆ?" ಎಂದೆ ನಾನು.

"ನೀ ಸುಮ್ನಿರು ಮಾರಾಯ್ತಿ, ಕಾನ್ವೆಂಟ್ ಮೇಡಮ್ಮು! ಮನೆ ನಮ್ದು, ಮಗಳೂ ನಮ್ದು."

ಮದುವೆಯಾಗದೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದವಳು ನಾನು. ಮಾತು ತಾಗಬೇಕಾದಲ್ಲೇ ತಾಗಿತು. ಹುಡುಗಿ ನನ್ನ ಕಡೆ ತಿರುಗಿದಳು.

"ಅತ್ತೆ, ನೀವು ಮೂವತ್ತು ವರ್ಷ ಪಿಯುಸಿ ಇಂಗ್ಲಿಷ್ ಪೇಪರ್ ತಿದ್ದಿದವ್ರು. ಟೋಟಲ್ ತಪ್ಪೂದೇ ಇಲ್ವಾ?"

ತಪ್ಪುತ್ತದೆ. ಊಟದ ನಂತರದ ಸೆಕೆಯಲ್ಲಿ, ಕಟ್ಟುಗಟ್ಟಲೆ ಪೇಪರಿನ ನಡುವೆ, ನನ್ನದೇ ಕೈಯಲ್ಲಿ ಒಮ್ಮೆ ಒಳಪುಟದ ಹದಿನೆಂಟು ಅಂಕ ಮುಖಪುಟಕ್ಕೆ ಬರದೆ ಉಳಿದಿತ್ತು. ಚೀಫ್ ಎಕ್ಸಾಮಿನರ್ ಅದನ್ನು ಹಿಡಿದು, ಎಲ್ಲರೆದುರು ಬೈದಿದ್ದರು. ವಹಿನಿಯ ಮುಂದೆ ಅದನ್ನು ಹೇಳಲು ನನ್ನ ಪ್ರೆಸ್ಟೀಜ್ ಬಿಡಲಿಲ್ಲ.

"ನಾವು ಅಷ್ಟು ಕೇರ್‌ಲೆಸ್ ಅಲ್ಲ. ಬೀ ರಿಯಲಿಸ್ಟಿಕ್," ಎಂದುಬಿಟ್ಟೆ.

ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ರಿಪೋರ್ಟ್ ಕಾರ್ಡಿನಲ್ಲಿ ಟ್ರುತ್‌ಫುಲ್‌ನೆಸ್ ಎಂಬ ಕಾಲಮ್ಮಿಗೂ ಗ್ರೇಡ್ ಹಾಕುತ್ತಿದ್ದರು. ನನಗೆ ಪ್ರತಿ ವರ್ಷ 'ಎ'.

ವಹಿನಿ ಗೆದ್ದವಳಂತೆ ಫಾರ್ಮನ್ನು ಅಕ್ಕಿ ಡಬ್ಬದ ಕೆಳಗೆ ತಳ್ಳಿದಳು. ಕೊನೆಯ ದಿನ ದಾಟಿತು. ಧಾರವಾಡದ ಲಿಸ್ಟಿನಲ್ಲಿ ಅವಳ ಹೆಸರು ಬರಲಿಲ್ಲ. ಅಂಕೋಲೆಯಲ್ಲಿ ಡಿ.ಎಡ್. ಮುಗಿಸಿ, ಅಲ್ಲೇ ಪ್ರೈಮರಿ ಶಾಲೆ ಸೇರಿದಳು. ಎದುರು ಮನೆಯ ಕ್ಲಾರ್ಕನ ಮಗ ಅದೇ ವರ್ಷ ಪಿಯುಸಿಯಲ್ಲಿ ಗೈಡ್ ಬೈಹಾರ್ಟ್ ಹೊಡೆದು ತೊಂಬತ್ತರ ಮೇಲೆ ತೆಗೆದವ. ಇಂಜಿನಿಯರಿಂಗಿನ ಮೊದಲ ವರ್ಷವೇ ನಾಲ್ಕು ಸಬ್ಜೆಕ್ಟಿನಲ್ಲಿ ಫೇಲಾಗಿ ಮನೆಗೆ ಬಂದು ಕೂತ. ಆ ಸಲ ಪೇಢೆ ಬರಲಿಲ್ಲ. ನನಗೆ ಖುಷಿಯಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಅಂಕಪಟ್ಟಿ ಅವನ ಬಗ್ಗೆ ಸುಳ್ಳು ಹೇಳಿತ್ತು. ಇವಳ ಬಗ್ಗೆ ಹೇಳಿದ್ದು ನಿಜವೋ ಸುಳ್ಳೋ, ನಾವು ಪೇಪರ್ ತೆಗೆಸಿ ನೋಡಲೇ ಇಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಅವಳ ಶಾಲೆಯಲ್ಲಿ, ಆ ದಶಕ ಮುಗಿಯುವ ಹೊತ್ತಿಗೆ. ಹೇಳಿಬಿಡಬೇಕು ಎಂದೇ ಕಾರವಾರದಲ್ಲಿ ಬಸ್ ಹತ್ತಿದ್ದೆ; ದಾರಿಯಲ್ಲಿ ಅರ್ಗಾದ ನೇವಿ ಬೇಸಿನ ಗೋಡೆ ಮುಗಿಯುವವರೆಗೂ ವಾಕ್ಯ ಜೋಡಿಸಿದೆ. ಮಕ್ಕಳು ಮನೆಗೆ ಹೋಗಿಯಾಗಿತ್ತು. ಅವಳು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಒಂದೊಂದರ ಒಳಪುಟವನ್ನೂ ತಿರುವಿ, ಪೆನ್ಸಿಲಿನಲ್ಲಿ ಕೂಡಿ, ಮತ್ತೆ ಕೆಳಗಿನಿಂದ ಮೇಲಕ್ಕೆ ಕೂಡುತ್ತಿದ್ದಳು.

"ಅವತ್ತು ನಾ ಸುಳ್ಳು ಹೇಳ್ದೆ," ಎಂದೆ. "ಟೋಟಲ್ ತಪ್ತದೆ. ಒಮ್ಮೆ ನಂದೇ ತಪ್ಪಿತ್ತು."

ಅವಳು ತಲೆ ಎತ್ತಲಿಲ್ಲ.

"ಗೊತ್ತದೆ ಅತ್ತೆ. ಈಗ ನಾನೂ ತಿದ್ದೂದಲ್ವಾ," ಎಂದಳು. "ಸ್ವಲ್ಪ ಸುಮ್ನಿರಿ. ಈ ಮಗೂದು ಕೂಡೂದು ಬಾಕಿ ಅದೆ."

ಬಸ್ಸಿನ ಹೊತ್ತಾಗುವವರೆಗೆ ಮಕ್ಕಳ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ.