ಕಾದಂಬರಿ ಓದಿ ಟೆಂಟಿಗೆ ಹೋದದ್ದು

ಹಿಪ್ಪುನೇರಳೆ ತೋಟಗಳನ್ನು ನೋಡಲು ರಾಯಲ್ಪಾಡಿಗೆ ಹೋಗಿದ್ದೆ. ನನಗೆ ಬಾಯಿಪಾಠವಾಗಿದ್ದ ಹಾಸ್ಯ ಕಾದಂಬರಿಯೊಂದರ ಸಿನಿಮಾ ಅಲ್ಲಿನ ಟೆಂಟಿಗೆ ಬಂದಿತ್ತು. ಸಂಜೆ ಆಟಕ್ಕೆ ನೆಲದ ಟಿಕೆಟ್ ತಗೊಂಡು ಮರಳ ಮೇಲೆ ಕೂತೆ. ಪಕ್ಕದಲ್ಲಿದ್ದ ಹೆಂಗಸು, ಕನ್ನಡ ಬಾರದ ತನ್ನ ಅತ್ತೆಗೆ ಪ್ರತಿ ಮಾತನ್ನೂ ತೆಲುಗಿನಲ್ಲಿ ಹೇಳುತ್ತಿದ್ದಳು.

ಟೆಂಟಿಗೆ ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಿದ್ದರು. ದೀಪ ಬಂದ ಕೂಡಲೇ ನನ್ನ ಭಾಷಣ ಶುರು.

"ಪುಸ್ತಕದಲ್ಲಿ ಮಾವ ಬಾವಿಗೆ ಬೀಳೋದೇ ಇಲ್ಲ ಕಣಮ್ಮ. ಬೀಳ್ತೀನಿ ಅಂತ ಹೆದರಿಸ್ತಾನೆ ಅಷ್ಟೆ. ಮಜಾ ಇರೋದೇ ಅಲ್ಲಿ!"

ಪಾಪ, ಆಕೆ ಅದನ್ನೂ ಅತ್ತೆಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ನಾಲ್ಕನೇ ರೀಲಿನ ಹೊತ್ತಿಗೆ ಅತ್ತೆ ಏನೋ ಕೇಳಿದರು.

"ಸಾರ್, ನೀವು ಪುಸ್ತಕ ಓದ್ವಾಗ ಪಕ್ಕದಲ್ಲಿ ಯಾರಾದ್ರೂ ಇದ್ರಾ ಅಂತ ಕೇಳ್ತಾವ್ರೆ."

"ಇಲ್ಲಮ್ಮ. ಒಬ್ಬನೇ ಕೂತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ."

ಅತ್ತೆ ಮತ್ತೇನೋ ಅಂದರು. ಸಿನಿಮಾದವರ ಹಾಗಲ್ಲದೆ ಸೊಸೆ ಅದನ್ನು ಮೂಲಕ್ಕೆ ಚೂರೂ ದ್ರೋಹ ಮಾಡದೆ ಕನ್ನಡಕ್ಕೆ ತಂದಳು: "ಪುಣ್ಯವಂತರು ನೀವು ಅಂತಾವ್ರೆ ಸಾರ್. ನಮಗೆ ಪಕ್ಕದಲ್ಲಿ ನೀವಿದ್ದೀರಂತೆ."

ಸುತ್ತ ಕೂತವರೆಲ್ಲ ಗೊಳ್ಳೆಂದರು. ಅವತ್ತು ಟೆಂಟಿನಲ್ಲಿ ಎದ್ದ ಅತಿ ದೊಡ್ಡ ನಗು ಅದು. ಆ ಮಾತು ಕಾದಂಬರಿಯಲ್ಲೂ ಇರಲಿಲ್ಲ, ಸಿನಿಮಾದಲ್ಲೂ ಇರಲಿಲ್ಲ. ಆದರೆ ಆ ವ್ಯತ್ಯಾಸವನ್ನು ಮಾತ್ರ ನಾನು ಯಾರಿಗೂ ಎತ್ತಿ ತೋರಿಸಲು ಹೋಗಲಿಲ್ಲ.